ಚಿಟ್ಟೆ ತೋಟದ ಗುರುವಾರ

ಹನುಮಂತಯ್ಯನವರಿಗೆ ಸ್ನಾನ ಮಾಡಿಸಿ ಹೊಸ ಪಂಚೆ ಉಡಿಸುತ್ತಿದ್ದಾಗ, ರೂಮಿನ ಮೊಳೆಗೆ ನೇತುಹಾಕಿದ್ದ ಅವರ ಅಂಗಿಯ ಜೇಬಿನಲ್ಲಿ ಫೋನು ಕೂಗತೊಡಗಿತು. ಅಳುತ್ತಿದ್ದವರೂ ಒಂದು ಗಳಿಗೆ ಸುಮ್ಮನಾದರು. ಸೊಸೆ ಲತಾ ಓಡಿಹೋಗಿ ತೆಗೆದು ನೋಡಿದಳು.

"ಯಾರೇ ಅದು?" ಹೊರಗಿನಿಂದಲೇ ಮಗ ಮೋಹನ್ ಕುಮಾರ್ ಕೇಳಿದ.

"ಯಾರೂ ಅಲ್ಲ ರೀ, ಅಲಾರಂ. 'ಗುರುವಾರ, ಹನ್ನೊಂದು ಗಂಟೆ, ಪಾರ್ಕಲ್ಲಿ ಪಂಪು' ಅಂತ ಮುಂಚೇನೇ ನೆನಪಾಗೋ ಹಾಗೆ ಹಾಕ್ಕೊಂಡಿದಾರೆ ಮಾವ."

"ಆಫ್ ಮಾಡು."

ಗೋಡೆಗೆ ಒರಗಿ ಕೂತಿದ್ದ ವೆಂಕಟಲಕ್ಷ್ಮಮ್ಮ ಬೆಳಗಿನಿಂದ ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ನಿದ್ದೆಯಲ್ಲೇ ಹೋದ ಗಂಡನನ್ನು ಕಾಫಿಗೆ ಎಬ್ಬಿಸಲು ಹೋದವರು ಅವರೇ. ಈಗ ತಲೆಯೆತ್ತಿದರು.

"ಮೋಹನ, ಯಾರನ್ನಾದ್ರೂ ಪಾರ್ಕಿಗೆ ಕಳ್ಸಪ್ಪ. ಪಂಪು ಹೊಡಿಯೋನಿಗೆ ಒಂದು ಮಾತು ಹೇಳ್ಬೇಕು. ಇಲ್ದಿದ್ರೆ ಎಲ್ಲಾ ಹುಳಾನೂ ಸತ್ತೋಗುತ್ತೆ."

"ಅಮ್ಮಾ, ಅಪ್ಪ ಇಲ್ಲಿ ಮಲಗಿದಾರೆ. ಈಗ ಹುಳದ ಚಿಂತೆನಾ?"

"ಬಿಡೋ, ದುಃಖದಲ್ಲಿ ಏನೋ ಹೇಳ್ತಾವ್ರೆ," ಎಂದರು ಪಕ್ಕದ ಮನೆಯ ಗಂಗಾಧರಯ್ಯ.

ದುಃಖದಲ್ಲಿ ಹೇಳಿದ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಎದ್ದು ಹೋಗುವುದಿಲ್ಲ. ಇಲ್ಲೂ ಹಾಗೇ ಆಯಿತು.

*

ಹನುಮಂತಯ್ಯ ಚಿಟ್ಟೆ ನೋಡಿಕೊಂಡು ಕೂರುವ ಪೈಕಿಯವರೇ ಅಲ್ಲ. ಮಲ್ಲತ್ತಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಇಪ್ಪತ್ತು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಹೂಕೋಸಿಗೆ ಔಷಧಿ ಹೊಡೆದವರು. ಹೊಲವೆಲ್ಲ ಸೈಟಾಯಿತು, ಸೈಟಿನ ಮೇಲೆ ಬಾಡಿಗೆ ಮನೆಗಳು ಎದ್ದವು, ಇವರಿಗೆ ಕೈಗೆ ಕೆಲಸವಿಲ್ಲದಂತಾಯಿತು. ಕೆರೆಯ ಹಿಂದಿನ ಪಾರ್ಕಿಗೆ ವಾಕಿಂಗ್ ಹೊರಟರು. ಅದರ ಒಂದು ಮೂಲೆಯಲ್ಲಿ ಚಿಟ್ಟೆ ತೋಟ ಮಾಡಿದ್ದರು. ವಾಕಿಂಗ್ ಅಲ್ಲಿಗೇ ನಿಂತಿತು.

ಒಂದು ದಿನ ಮನೆಯ ಕುಂಡದ ಕರಿಬೇವಿನಲ್ಲಿ ದಪ್ಪ ಹಸಿರು ಹುಳ ಕಂಡು ವೆಂಕಟಲಕ್ಷ್ಮಮ್ಮ ಪೊರಕೆ ಎತ್ತಿಕೊಂಡರು.

"ತಡಿಯೇ, ತಡಿಯೇ. ಅದು ಪಾತರಗಿತ್ತಿ ಮರಿ ಕಣೇ."

"ಇಪ್ಪತ್ತು ವರ್ಷ ಇವನ್ನೇ ಕೊಂದ್ರಲ್ಲ, ಆಗ ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ," ಎಂದರು ಹನುಮಂತಯ್ಯ. ಹುಳವನ್ನು ಮೊಸರಿನ ಡಬ್ಬಿಗೆ ಹಾಕಿಕೊಂಡು ಪಾರ್ಕಿಗೆ ಹೋದರು.

ಪಾರ್ಕಿನಲ್ಲಿ ಗುರುವಾರ ಬಂದರೆ ಔಷಧಿ ಹೊಡೆಯುತ್ತಿದ್ದರು. ಎಲೆಯಲ್ಲಿ ತೂತು ಕಂಡರೆ ಮೇಸ್ತ್ರಿಗೆ ಸಿಟ್ಟು. ಚಿಟ್ಟೆ ತೋಟದಲ್ಲಿ ಹುಳಕ್ಕೆ ಔಷಧಿ ಹೊಡೆಯಬಾರದು ಎನ್ನುವಷ್ಟು ಬುದ್ಧಿ ಆ ಮೇಸ್ತ್ರಿಗಿಲ್ಲ. ಹೇಳಿ ಹೇಳಿ ಸಾಕಾಗಿ ಹನುಮಂತಯ್ಯ ಪಂಪಿನ ದ್ಯಾಮಪ್ಪನ ಜೊತೆಗೇ ಒಂದು ಒಪ್ಪಂದ ಮಾಡಿಕೊಂಡರು: ತಾವು ಯಾವ ಗಿಡದ ಮುಂದೆ ನಿಲ್ಲುತ್ತಾರೋ ಅದನ್ನು ಬಿಡುವುದು, ಮಿಕ್ಕಿದ್ದಕ್ಕೆ ಹೊಡೆಯುವುದು. ನಾಲ್ಕು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿಸಿರಲಿಲ್ಲ.

"ಒಂದ್ಸಲ ಬಾರೇ, ನೋಡುವಂತೆ," ಎಂದು ಕರೆಯುತ್ತಲೇ ಇದ್ದರು.

"ಹುಳ ನೋಡೋಕೆ ಟಿಕೆಟ್ ಬೇರೆ ತಗೋಬೇಕಾ?"

"ಟಿಕೆಟ್ ಇಲ್ಲ ಕಣೇ, ಫ್ರೀ."

"ಫ್ರೀ ಅಂದ್ಮೇಲೆ ಅಲ್ಲೇನಿರುತ್ತೆ ಮಣ್ಣು!"

ಮನೆಯಿಂದ ಹತ್ತು ನಿಮಿಷದ ದಾರಿ. ನಾಲ್ಕು ವರ್ಷ ವೆಂಕಟಲಕ್ಷ್ಮಮ್ಮ ಹೋಗಲಿಲ್ಲ.

*

ಹತ್ತು ಗಂಟೆಗೆ ಹನುಮಂತಯ್ಯನವರನ್ನು ಎತ್ತಿದರು. ಹೆಂಗಸರು ಬೀದಿಯ ಕೊನೆಯವರೆಗೆ ಹೋಗಿ ನಿಂತರು, ಗಂಡಸರು ಮುಂದೆ ಹೋದರು. ಮನೆ ತೊಳೆದಾಯಿತು. ವೆಂಕಟಲಕ್ಷ್ಮಮ್ಮನ ತಲೆಗೆ ನೀರು ಹಾಕಿದರು. ಸೀರೆ ಉಟ್ಟು ಹೊರಬಂದವರು ಗಡಿಯಾರ ನೋಡಿ ನೇರ ಗೇಟಿನ ಕಡೆ ನಡೆದರು.

"ಅತ್ತೆ, ಸೂತಕದಲ್ಲಿ ಎಲ್ಲಿಗೆ?"

"ಗಿಡಕ್ಕೇನೇ ಸೂತಕ?"

ಲತಾ ಅವರ ಮುಖ ನೋಡಿದಳು. ಗೇಟು ತೆಗೆದುಕೊಟ್ಟಳು. "ಬೇಗ ಬನ್ನಿ. ಇವರೆಲ್ಲ ವಾಪಸ್ ಬರೋದ್ರೊಳಗೆ."

ಪಾರ್ಕಿನೊಳಗೆ ಹೋಗುವಾಗಲೂ ಅವರ ಕಣ್ಣು ಟಿಕೆಟ್ ಕೊಡುವವರನ್ನೇ ಹುಡುಕುತ್ತಿತ್ತು. ಯಾರೂ ಇರಲಿಲ್ಲ. ಮೂಲೆಯಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡವನೊಬ್ಬ ತುಂಬಿದ ಪಂಪನ್ನು ಬೆನ್ನಿಗೇರಿಸಿ ಆಗಷ್ಟೇ ಹಿಡಿಕೆಗೆ ಕೈ ಹಾಕಿದ್ದ.

"ನಿಲ್ಸಪ್ಪಾ!"

ದ್ಯಾಮಪ್ಪ ತಿರುಗಿದ. ಊರು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅವನ ಮಾತು ಇನ್ನೂ ಗದಗದ್ದೇ. "ಯಾರ್ರೀ ನೀವು? ಅಜ್ಜಾರು ಬರಲಿಲ್ಲೇನ್ರೀ ಇವತ್ತ?"

"ಅವರ ಮನೆಯವಳು ನಾನು. ಅವರು ಹೋಗ್ಬಿಟ್ರಪ್ಪ. ಈಗ ತಾನೆ ಎತ್ಕೊಂಡು ಹೋದ್ರು."

ಅವನು ಟವೆಲ್ ಬಿಚ್ಚಿದ. "ಹೋದ ಗುರುವಾರ ಇಲ್ಲೇ ನಿಂತಿದ್ರಲ್ರೀ," ಎಂದ. ಆಮೇಲೆ, "ಹೊಡೀದಿದ್ರ ಮೇಸ್ತ್ರಿ ಬೈತಾನ್ರೀ. ಆದ್ರ ನೀವು ನಿಂತಲ್ಲಿ ಬಿಡ್ತೀನಿ. ಯಾವ್ಯಾವ ಬಿಡಬೇಕು, ತೋರಸ್ರಿ. ನನಗ ತಿಳಿಯಾಂಗಿಲ್ಲ."

ಮೊದಲನೆಯದು ಸುಲಭವಿತ್ತು. ಎಕ್ಕದ ಎಲೆಯ ಮೇಲೆ ಹಳದಿ ಕಪ್ಪು ಪಟ್ಟೆಯ ಹುಳ ಆರಾಮಾಗಿ ಮೇಯುತ್ತಿತ್ತು. ವೆಂಕಟಲಕ್ಷ್ಮಮ್ಮ ಅದರ ಮುಂದೆ ನಿಂತರು. ಆಮೇಲೆ ಕರಿಬೇವು. ಅದೂ ಗೊತ್ತಿತ್ತು. ಮೂರನೆಯ ಗಿಡದಲ್ಲಿ ಒಂದು ತೂತೂ ಇರಲಿಲ್ಲ. ಬಗ್ಗಿ ಎಲೆ ಮಗುಚಿದರು. ಕೆಳಗೆ ಸಾಸಿವೆಗಿಂತ ಸಣ್ಣದೇನೋ ಅಂಟಿತ್ತು. ಮೊಟ್ಟೆಯೋ, ಧೂಳೋ?

ಕೇಳೋಣವೆಂದರೆ ಹೇಳುವವರನ್ನು ಆಗಲೇ ಹೊತ್ತುಕೊಂಡು ಹೋಗಿದ್ದರು. ಒಂದೇ ಒಂದು ಸಲ ಬಂದಿದ್ದರೆ ತೋರಿಸುತ್ತಿದ್ದರಲ್ಲ ಎನ್ನಿಸಿತು. ಬೆಳಗಿನಿಂದ ಬಾರದ ಅಳು ಆಗ ಬಂತು. ಎಲೆಯನ್ನು ಹಿಡಿದುಕೊಂಡೇ ಜೋರಾಗಿ ಅತ್ತರು.

ದ್ಯಾಮಪ್ಪ ಕಾದ. ಕೊನೆಗೆ ಮೆಲ್ಲಗೆ ಕೇಳಿದ, "ಇದನ್ನ ಏನ್ ಮಾಡ್ಲಿರೀ ಅಮ್ಮಾರ?"

"ಬಿಡು."

"ಇದು?"

"ಇದೂ ಬಿಡು."

ದಾಸವಾಳ ಬಿಟ್ಟರು, ಕಣಗಲೆ ಬಿಟ್ಟರು, ನಿಂಬೆ ಬಿಟ್ಟರು. ಚಿಟ್ಟೆ ತೋಟ ಮುಗಿದು ದಾರಿ ಬದಿಯ ಬೇಲಿಗಿಡ ಬಂತು. ಅದರ ಮುಂದೆಯೂ ನಿಂತರು.

"ಇದು ಬರೀ ಬೇಲೀರಿ. ಇಲ್ಲಿ ಚಿಟ್ಟಿ ಬರಂಗಿಲ್ಲ."

"ಬಂದ್ರೆ?"

ದ್ಯಾಮಪ್ಪ ಪಂಪಿನ ಹಿಡಿಕೆಯಿಂದ ಕೈ ತೆಗೆದ. ಒದ್ದೆ ಕೂದಲನ್ನು ಬೆನ್ನಿಗೆ ಬಿಟ್ಟುಕೊಂಡ ವೆಂಕಟಲಕ್ಷ್ಮಮ್ಮ ಒಂದೊಂದು ಗಿಡದ ಮುಂದೆಯೂ ನಿಂತು ನಿಂತು ಮುಂದೆ ಸಾಗುತ್ತಿದ್ದರು. ತುಂಬಿದ ಪಂಪನ್ನು ಹೊತ್ತು, ಅವನು ಅವರ ಹಿಂದೆ ನಿಧಾನವಾಗಿ ನಡೆಯುತ್ತಿದ್ದ.