ತಿಪ್ಪೆ ಹಿಂದಿನ ಮರದ ಎಳನೀರು

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಚೈತ್ರಳಿಗೆ ಮಾತು ಕಮ್ಮಿ, ಕಣ್ಣು ಚುರುಕು. ತಿಪ್ಪೆ ಹಿಂದಿನ ತೆಂಗಿನ ಮರದ ಎಳನೀರಿನಷ್ಟು ಸಿಹಿ ಬಿಳಿಗೆರೆಯಲ್ಲೇ ಇಲ್ಲ ಅನ್ನೋದು ಅವಳೊಬ್ಬಳಿಗೇ ಗೊತ್ತಿತ್ತು. ತಿಪ್ಪೆಯ ರಸ ಹೀರಿ ಬೆಳೆದ ಮರವೆಂದು ಮನೆಯವರು ಅದರ ಎಳನೀರು ಮುಟ್ಟುತ್ತಿರಲಿಲ್ಲ. ಅದೇ ಮರದ ಕೊಬ್ಬರಿ ಮಾರೋದಕ್ಕೆ ಮಾತ್ರ ಯಾರಿಗೂ ಹೇಸಿಗೆಯಿಲ್ಲ.

ಈಗ ಅಪ್ಪ ತಿಮ್ಮರಾಜು ಹೊಸ ತೋಟದ ಸಸಿಗೆಂದು ಬಾವಿ ಪಕ್ಕದ ತೆಂಗಿನ ಮರದಿಂದ ಬಿತ್ತನೆಕಾಯಿ ಇಳಿಸಲು ಹೊರಟಿದ್ದ. ಒಮ್ಮೆ ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಅದೇ ನೀರು. ತನ್ನ ತಿಪ್ಪೆ ಮರದ್ದೇ ಆಗಲಿ ಅಂತ ಚೈತ್ರಳ ಆಸೆ. ಅಪ್ಪನೆದುರು ಬಾಯಿ ಬಿಡೋದು ಹೇಗೆ?

ಮೊಬೈಲಿನಲ್ಲಿ ನೋಡಿದ್ದ, ಸಿಹಿ ಅಳೆಯೋ ವಿಡಿಯೋ ನೆನಪಾಯಿತು. ತೋಟಕ್ಕೆ ಹೊಡೆದು ಉಳಿದಿದ್ದ ಮೈಲುತುತ್ತ, ನಿಂಬೆ ಉಪ್ಪು, ಬಟ್ಟೆ ಸೋಡಾ ನೀರಿಗೆ ಕಲಸಿದಳು. ನವಿಲಿನ ಕತ್ತಿನಂಥ ನೀಲಿ! ಎರಡು ಹಳೆ ಶೀಶೆಗೆ ಹುಯ್ದು, ಒಂದಕ್ಕೆ ಬಾವಿ ಮರದ ಎಳನೀರು, ಇನ್ನೊಂದಕ್ಕೆ ತಿಪ್ಪೆ ಮರದ್ದು ಬಿಟ್ಟು, ಹಿತ್ತಲ ಒಲೆಯ ಕುದಿನೀರಲ್ಲಿ ನಿಲ್ಲಿಸಿದಳು.

ಬಾವಿ ಮರದ್ದು ಹಸಿರಿಗೇ ಸುಸ್ತಾಯಿತು. ತಿಪ್ಪೆ ಮರದ್ದು ಹಸಿರು, ಹಳದಿ, ಕಿತ್ತಳೆ ಎಲ್ಲ ದಾಟಿ ಇಟ್ಟಿಗೆ ಕೆಂಪಿಗೆ ಬಂದುಬಿಟ್ಟಿತು.

"ಅಯ್ಯಯ್ಯೋ, ಗೋಸುಂಬೆ ಕಣ್ಲಾ! ತಿಮ್ಮ, ಬಾರ್ಲಾ ಇಲ್ಲಿ!" ಅಜ್ಜಿ ಹೊಂಬಾಳಮ್ಮ ಚಪ್ಪಾಳೆ ತಟ್ಟಿದಳು.

"ಸಿಹಿ ಜಾಸ್ತಿ ಇದ್ದಷ್ಟೂ ಕೆಂಪು," ಎಂದು ಚೈತ್ರ ಶೀಶೆಗೆ ಹೇಳಿದಳು.

ಅಜ್ಜಿ ಓಡಿಹೋಗಿ ಜೇನು ತಂದು ಇನ್ನೊಂದು ಶೀಶೆಯ ನೀಲಿಗೆ ಬಿಟ್ಟಳು. ಅದೂ ಕೆಂಪು! ಅಜ್ಜಿ ಕುಣಿಯೋದೊಂದು ಬಾಕಿ. ತಿಮ್ಮರಾಜು ಗೊಣಗುತ್ತಾ ನಾಲ್ಕನೇ ಶೀಶೆಗೆ ಸಕ್ಕರೆ ನೀರು ಹುಯ್ದ. ಎಷ್ಟು ಕುದಿಸಿದರೂ ನೀಲಿ ಅಲ್ಲಾಡಲಿಲ್ಲ.

"ಸಕ್ಕರೇಗೇ ಸಿಹಿ ಇಲ್ವೇನಮ್ಮಿ? ಬುಡು ನಿನ್ ಬಣ್ಣದಾಟ. ಬಾವಿ ಮರ ಹತ್ತಿಸ್ತೀನಿ."

ಅಜ್ಜಿಯೂ ಕಿಸಕ್ಕನೆ ನಕ್ಕಳು. ಚೈತ್ರಳ ಕಿವಿ ಬಿಸಿಯಾಯಿತು. ಈ ನೀಲಿ ಬಣ್ಣ ಎಳನೀರಿನ, ಜೇನಿನ ಸಿಹಿಗೆ ಬಗ್ಗುತ್ತೆ, ಅಂಗಡಿ ಸಕ್ಕರೆಗೆ ಜಗ್ಗಲ್ಲ ಅಂತ ವಿಡಿಯೋದವನು ಹೇಳಿದ್ದ. ಮೊದಲೇ ಹೇಳದೆ ಈಗ ಹೇಳಿದರೆ ನೆಪ ಅಂತಾರೆ.

ಮಚ್ಚು ತಗೊಂಡು ತಿಪ್ಪೆ ಮರದ ಇನ್ನೊಂದು ಎಳನೀರು ಕೆತ್ತಿ ಅಪ್ಪನ ಮೂಗಿನ ಕೆಳಗೇ ಹಿಡಿದಳು.

"ಬಣ್ಣ ಹಾಳಾಗ್ಲಿ. ಕುಡ್ದು ನೋಡಪ್ಪ!"

ಅವಳ ದನಿಗೆ ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ತಲೆಯೆತ್ತಿತು.

ತಿಮ್ಮರಾಜು ಮಗಳನ್ನು ನೋಡಿದ, ಮಚ್ಚನ್ನೂ ನೋಡಿದ. ಕಣ್ಣು ಮುಚ್ಚಿ, ಹರಳೆಣ್ಣೆ ಕುಡಿಯುವವನ ಹಾಗೆ ಒಂದು ಗುಟುಕು. ಕಣ್ಣು ಅಗಲವಾಯಿತು. ಆಮೇಲೆ ಬುರುಡೆ ಬಾಯಿಂದ ಇಳಿಯಲೇ ಇಲ್ಲ.

"ಇನ್ನೊಂದು ಕೆತ್ತು," ಎಂದ, ಗಡ್ಡ ಒರೆಸುತ್ತಾ.

"ನಂಗೂ ಕಣೇ!" ಅಜ್ಜಿ ಕೈಚಾಚಿದಳು.

ಚೈತ್ರ ಮಚ್ಚು ಎತ್ತಿ ಹಾಗೇ ನಿಂತಳು. "ಬಿತ್ತನೆಗೆ ಯಾವ ಮರ?"

"ಇದೇ ಕಣವ್ವ, ಇದೇ! ಕೆತ್ತು ಮೊದ್ಲು!"