ರದ್ದು ಮಾಡಲಿಕ್ಕೊಂದು ಹೊಸ ಕಾರ್ಡು

೧
ಈ ಕತೆ ಕಾರ್ಡು ಕಳೆದಲ್ಲಿಂದ ಶುರುವಾಗಬೇಕೋ, ಕಳೆದದ್ದು ಗೊತ್ತಾದಲ್ಲಿಂದಲೋ? ಎರಡರ ನಡುವೆ ಒಂದೂವರೆ ದಿನ ಇದೆ. ಆ ಒಂದೂವರೆ ದಿನ ಎಲಿಜಬೆತ್ ಆಂಟಿ ರೆಸಿಡೆಂಟ್ ಕಾರ್ಡಿಲ್ಲದೆಯೇ ಮಸ್ಕತ್ತಿನಲ್ಲಿ ಓಡಾಡಿದರು, ಬಂಗುಡೆ ತಂದರು, ಸಾರು ಮಾಡಿ ನನಗೂ ಒಂದು ಬಟ್ಟಲು ಕೊಟ್ಟರು. ಪರಮ ನೆಮ್ಮದಿಯಲ್ಲಿದ್ದರು. ನೆಮ್ಮದಿಯಿಂದ ಕತೆ ಶುರು ಮಾಡಿದರೆ ಓದುಗರು ಎದ್ದು ಹೋಗುತ್ತಾರಂತೆ. ಅದಕ್ಕೆ ಆ ಭಾಗವನ್ನು ಅಳಿಸಿದೆ.

(ಅಳಿಸಿದ್ದನ್ನು ನೀವೀಗ ಓದಿಯಾಯಿತು. ಇರಲಿ ಬಿಡಿ.)

೨
ಪರಿಚಯ ಮಾಡಿಸದೆ ಬಂಗುಡೆಗೆ ಹೋದದ್ದು ತಪ್ಪು. ನಾನು ದೀಕ್ಷಿತಾ, ಮೈಸೂರಿನವಳು. ಮಸ್ಕತ್ತಿನ ಬೌಷರ್‌ನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದೇನೆ. ನನ್ನ ಎದುರು ಬಾಗಿಲು ಎಲಿಜಬೆತ್ ಆಂಟಿಯದು. ಊರು ಉಡುಪಿ ಹತ್ತಿರ. ಇಲ್ಲೇ ಹತ್ತಿರದ ಘಾಲಾದ ಸಣ್ಣ ಕ್ಲಿನಿಕ್ಕೊಂದರಲ್ಲಿ ಇಪ್ಪತ್ತೇಳು ವರ್ಷ ನರ್ಸ್. ಗ್ಯಾರೇಜುಗಳಲ್ಲಿ ಬೆರಳು ಜಜ್ಜಿಕೊಂಡು ಬಂದವರಿಗೆಲ್ಲ ಪಟ್ಟಿ ಕಟ್ಟಿದವರು. ಈಗ ನಿವೃತ್ತಿ. ಹದಿನೆಂಟನೇ ತಾರೀಕಿಗೆ ಟಿಕೆಟ್ಟು, ಹೋಗಲಿಕ್ಕೆ ಮಾತ್ರ. ಮಂಗಳೂರಿನಲ್ಲಿ ಮಗಳು ಕ್ರಿಸ್ಟಲ್ ಅಮ್ಮನಿಗೆಂದು ಕೋಣೆಗೆ ಬಣ್ಣ ಹೊಡೆಸಿ ಕಾಯುತ್ತಿದ್ದಾಳೆ.

ಹೊರಡಲು ಎರಡು ವಾರವೂ ಇಲ್ಲದಾಗ ಕಾರ್ಡು ಕಳೆಯಿತು.

ಮೊದಲ ಡ್ರಾಫ್ಟಿನಲ್ಲಿ ನಾನು ಹೀಗೆ ಬರೆದಿದ್ದೆ: "ಹೋಗುವ ಮನಸ್ಸಿಲ್ಲದ ಆಕೆ ಕಾರ್ಡನ್ನು ತಾನೇ ಎಲ್ಲೋ ಬಿಟ್ಟು ಬಂದಳು." ಅದನ್ನು ಓದಿ ಆಂಟಿ ಕನ್ನಡಕ ತೆಗೆದರು.

"ಎಂತ ಮಾರಾಯ್ತಿ ಇದು? ನಾನು ಬೇಕಂತ ಬಿಸಾಡಿದ್ದಾ?"

"ಕತೆ ಅಲ್ವಾ ಆಂಟಿ."

"ಕತೆಯಾದ್ರೆ ನನ್ನ ಹೆಸರು ಯಾಕೆ ಹಾಕಿದ್ದು? ತೆಗಿ ಅದನ್ನು. ಹೆಸರಲ್ಲ, ಬಿಸಾಡಿದ್ದನ್ನು."

ತೆಗೆದೆ.

೩
ಕ್ಲಿನಿಕ್ಕಿನ ವೀಸಾ ಕೆಲಸಗಳನ್ನೆಲ್ಲ ನೋಡಿಕೊಳ್ಳುವವನು ಮೈಕಲ್. ಕಳೆದುಹೋದದ್ದಕ್ಕೆ ಪೊಲೀಸ್ ರಿಪೋರ್ಟ್ ಕೊಡಿಸಿ, ಹೊಸ ಕಾರ್ಡಿನ ಅರ್ಜಿ ಹಿಡಿದು ಬಂದ.

"ಹೊಸತು ಎಂತಕ್ಕೆ? ನಾನು ಹೋಗುವವಳಲ್ವಾ?" ಆಂಟಿ ಕೇಳಿದರು.

"ಹೋಗ್ಲಿಕ್ಕೆ ವೀಸಾ ಕ್ಯಾನ್ಸಲ್ ಆಗ್ಬೇಕು ಆಂಟಿ. ಕ್ಯಾನ್ಸಲ್ ಮಾಡುವಾಗ ಕಾರ್ಡು ವಾಪಸ್ ಕೊಡ್ಬೇಕು."

"ಕಾರ್ಡು ಇಲ್ವಲ್ಲ."

"ಅದಕ್ಕೇ ಹೊಸತು ಮಾಡುದು. ಮಾಡಿ, ವಾಪಸ್ ಕೊಡುವ."

"ಸಾಯಿಸ್ಲಿಕ್ಕೆ ಅಂತ ಹುಟ್ಟಿಸುದಾ?"

ಮೈಕಲ್ ನಕ್ಕ. ಆಂಟಿ ನಗಲಿಲ್ಲ. ಹದಿನೆಂಟರೊಳಗೆ ಇದೆಲ್ಲ ಮುಗಿಯದಿದ್ದರೆ ಟಿಕೆಟ್ಟು ಹೋಯಿತು, ಬಣ್ಣ ಹೊಡೆಸಿದ ಕೋಣೆ ಖಾಲಿ.

(ಮೈಕಲ್ ಹೇಳಿದ್ದು ನಿಯಮವೋ, ಅವನ ಅತಿ ಎಚ್ಚರಿಕೆಯೋ ನನಗೆ ಗೊತ್ತಿಲ್ಲ. ಈ ಕತೆ ಓದಿಕೊಂಡು ದಯವಿಟ್ಟು ಯಾರೂ ಅರ್ಜಿ ಹಾಕಬೇಡಿ.)

೪
ಕಾರು ಓಡಿಸಿದವಳು ನಾನೇ ಆದ್ದರಿಂದ ಈ ಭಾಗದಲ್ಲಿ ಕಲ್ಪನೆ ಕಡಿಮೆ.

ಕಾರ್ಡು ಕೊಡುವ ಕಚೇರಿಯ ಬೆರಳಚ್ಚು ಕೌಂಟರಿನಲ್ಲಿ ಒಮಾನಿ ಹುಡುಗಿಯೊಬ್ಬಳು ಕೂತಿದ್ದಳು. ಆಂಟಿ ಹೆಬ್ಬೆರಳಿಟ್ಟರು, ಯಂತ್ರ ಸುಮ್ಮನಿತ್ತು. ತೋರುಬೆರಳಿಟ್ಟರು, ಕೆಂಪು ದೀಪ. ಎಡಗೈಗೂ ಅದೇ. ಹುಡುಗಿ ಕ್ರೀಮು ಕೊಟ್ಟಳು, ಒರೆಸಲು ಟಿಶ್ಯೂ ಕೊಟ್ಟಳು, ಕೊನೆಗೆ ತಾನೇ ಎದ್ದು ಬಂದು ಆಂಟಿಯ ಬೆರಳನ್ನು ಗಾಜಿಗೆ ಒತ್ತಿ ಹಿಡಿದಳು.

"ಸಿಸ್ಟರ್, ವೇರ್ ಈಸ್ ಯುವರ್ ಫಿಂಗರ್?"

"ಇಪ್ಪತ್ತೇಳು ವರ್ಷ ದಿನಕ್ಕೆ ಐವತ್ತು ಸಲ ಕೈ ತೊಳೆದದ್ದು ಮಗಾ," ಎಂದರು ಆಂಟಿ, ಕನ್ನಡದಲ್ಲೇ. "ಇನ್ನೆಲ್ಲಿ ಉಳಿದೀತು? ಎಲ್ಲ ನಿಮ್ಮ ಊರಿನ ನೀರಿಗೇ ಹೋಯ್ತು."

ನಾನು ಇಂಗ್ಲಿಷಿಗೆ ತಂದು ಹೇಳಿದೆ. ಹುಡುಗಿ ಆಂಟಿಯ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಬೆಚ್ಚಗೆ ಉಜ್ಜಿದಳು. ಹನ್ನೊಂದನೇ ಸಲಕ್ಕೆ ಹಸಿರು ದೀಪ ಬಂತು. ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು.

ವಾಪಸ್ ಬರುವಾಗ ಕಾರಿನಲ್ಲಿ, ಅಲ್ಲೇ ಕೈಗೆ ಸಿಕ್ಕಿದ ಹೊಸ ಕಾರ್ಡು ಹಿಡಿದುಕೊಂಡ ಆಂಟಿ ಕಿಟಕಿಯಾಚೆಗೇ ನೋಡುತ್ತಿದ್ದರು. ಅವರ ಮನಸ್ಸಿನಲ್ಲೇನಿತ್ತೆಂದು ಇಲ್ಲಿ ಒಂದು ಪ್ಯಾರಾ ಬರೆದಿದ್ದೆ. ಕೇಳಿದಾಗ "ಬಾತ್‌ರೂಮಿಗೆ ಅವಸರ ಆಗಿತ್ತು" ಎಂದರು. ಪ್ಯಾರಾ ಹೊಡೆದು ಹಾಕಿದೆ.

೫
ನಿಯತ್ತಿನ ಕತೆಗಾರ್ತಿಯಾದರೆ ಇಲ್ಲಿಗೇ ನಿಲ್ಲಿಸಬೇಕಿತ್ತು. ಕಾರ್ಡು ಹೋಯಿತು, ಕಾರ್ಡು ಬಂತು, ಖಲಾಸ್. ಆದರೆ ಹದಿನಾಲ್ಕರ ಮಧ್ಯಾಹ್ನ ನನ್ನ ಮನೆಯ ಬೆಲ್ಲು ಹೊಡೆಯಿತು.

ಬಾಗಿಲಲ್ಲಿ ಎಪ್ಪತ್ತರ ಆಸುಪಾಸಿನ ಒಮಾನಿ ಹಿರಿಯರು, ಏದುಸಿರು. ಲಿಫ್ಟು ಕೆಟ್ಟಿತ್ತು. ಕೆಳಗಿನ ಎರಡು ಮಹಡಿಗಳ ಬಾಗಿಲುಗಳನ್ನೆಲ್ಲ ತಟ್ಟಿಕೊಂಡು ಬಂದಿದ್ದರು.

"ಸಿಸ್ಟರ್ ಕಿದರ್? ಎಲಿಜಬೆತ್ ಸಿಸ್ಟರ್?"

ಅವರ ಕೈಯಲ್ಲಿ ಹಳೆಯ ಕಾರ್ಡಿತ್ತು.

ಹೆಸರು ಹಮೂದ್, ಟ್ಯಾಕ್ಸಿ ಚಾಲಕರು. ಹಳೆಯ ಗೆಳತಿಯೊಬ್ಬರಿಗೆ ವಿದಾಯ ಹೇಳಿ ಬರಲು ಆಂಟಿ ಅಲ್ ಅಮೇರಾತ್‌ಗೆ ಹೋದದ್ದು ಇವರ ಗಾಡಿಯಲ್ಲಿ. ಮರುದಿನವೇ ಅಣ್ಣನಿಗೆ ಹುಷಾರಿಲ್ಲವೆಂದು ಹಮೂದ್ ರುಸ್ತಾಖ್‌ಗೆ ಹೋಗಿದ್ದರು. ನಿನ್ನೆ ಗಾಡಿ ತೊಳೆಯಲು ಸೀಟು ಎತ್ತಿದಾಗ ಕಾರ್ಡು ಸಿಕ್ಕಿತು. ಹತ್ತಿಸಿಕೊಂಡ ಕಟ್ಟಡ ನೆನಪಿತ್ತು. ಇಷ್ಟಕ್ಕಾಗಿ ರುಸ್ತಾಖ್‌ನಿಂದ ಸುಮಾರು ಎರಡು ಗಂಟೆ ಗಾಡಿ ಓಡಿಸಿಕೊಂಡು ಬಂದಿದ್ದರು.

೬
ಆಂಟಿ ಬಾಗಿಲು ತೆಗೆದರು. ಹಿಂದೆ ಊಟದ ಮೇಜಿನ ಮೇಲೆ ಹೊಸ ಕಾರ್ಡು ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. ಹಮೂದ್ ಚಾಚಿದ ಕಾರ್ಡನ್ನು ಆಂಟಿ ನೋಡಿದರು, ಅವರ ಬೆವತ ಮುಖ ನೋಡಿದರು. ಕೈಯಲ್ಲಿದ್ದ ಒರಸುಬಟ್ಟೆಯನ್ನು ಹಿಂದಕ್ಕೆ ಮೇಜಿನ ಮೇಲೆಸೆದರು. ಗುರಿ ತಪ್ಪಲಿಲ್ಲ.

"ಶುಕ್ರನ್ ಬಾಬಾ! ಇದಿಲ್ಲದೆ ನಾನೇನು ಮಾಡುತ್ತಿದ್ದೆ!" ಎಂದು ಹಳೆಯ ಕಾರ್ಡನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡರು. ಇಬ್ಬರದೂ ಮುರುಕು ಹಿಂದಿ.

"ಕಾರ್ಡು ಇಲ್ಲವೆಂದು ನಿನ್ನನ್ನು ಊರಿಗೆ ಕಳಿಸಿಬಿಡುತ್ತಾರೇನೋ ಅಂತ ಹೆದರಿದ್ದೆ," ಎಂದರು ಹಮೂದ್.

"ಇಲ್ಲ ಬಾಬಾ, ಯಾರೂ ಕಳಿಸುವುದಿಲ್ಲ."

ಚಹಾ ಕುಡಿಯುವಾಗ ಹಮೂದರ ಕಣ್ಣು ಗೋಡೆಗೆ ಒರಗಿಸಿದ್ದ ರಟ್ಟಿನ ಪೆಟ್ಟಿಗೆಗಳ ಮೇಲೆ ಬಿತ್ತು.

"ಮನೆ ಬದಲಾಯಿಸುತ್ತಿದ್ದೀಯಾ?"

"ಹೌದು."

"ದೂರವಾ?"

"ಸ್ವಲ್ಪ."

"ನಾನೇ ಬರುತ್ತೇನೆ. ನನ್ನ ಗಾಡಿಯಲ್ಲೇ ಹಾಕಿಕೊಂಡು ಹೋಗೋಣ. ಯಾವತ್ತು?"

ಆಂಟಿ ನನ್ನ ಮುಖ ನೋಡಿದರು. ನಾನು ಚಾವಣಿ ನೋಡಿದೆ.

"ಹದಿನೆಂಟು. ಮಧ್ಯಾಹ್ನ," ಎಂದರು.

೭
ಮುಕ್ತಾಯಗಳು ಕೆಲವು ಸಿದ್ಧ ಇವೆ.

ಒಂದು: ಆಂಟಿ ಅಲ್ಲೇ ನಿಜ ಹೇಳುತ್ತಾರೆ, ಹಮೂದ್ ಹೊಟ್ಟೆ ಹಿಡಿದು ನಗುತ್ತಾರೆ. ("ಅವ್ರು ನಗ್ತಿರ್ಲಿಲ್ಲ," ಎಂದರು ಆಂಟಿ. "ಎರಡು ಗಂಟೆ ಬಂದವ್ರು ನಗ್ತಾರಾ?")

ಇನ್ನೊಂದು: ಹದಿನೆಂಟಕ್ಕೆ ಹಮೂದ್ ಬರುವುದೇ ಇಲ್ಲ. ("ನೀನು ಆ ಮನುಷ್ಯನನ್ನು ನೋಡಿದವಳೇ ಅಲ್ವಾ?")

ಆಂಟಿ ಹೊರಡುವುದೇ ಇಲ್ಲ ಎಂಬುದು ನನಗೆ ತುಂಬ ಇಷ್ಟವಾದದ್ದು. ಅದಕ್ಕೆ ಅವರು ಬಯ್ಯಲಿಲ್ಲ. ನಾನೇ ಕೈಬಿಟ್ಟೆ.

ಆದದ್ದು ಇಷ್ಟು. ಹದಿನೈದಕ್ಕೆ ಮೈಕಲ್ ಎರಡೂ ಕಾರ್ಡುಗಳನ್ನು ಒಯ್ದು ವೀಸಾ ರದ್ದು ಮಾಡಿಸಿದ. ಹದಿನೆಂಟಕ್ಕೆ ಏರ್‌ಪೋರ್ಟಿಗೆಂದು ಕ್ಲಿನಿಕ್ಕಿನ ವ್ಯಾನು ಬಂತು. ಆಂಟಿ ಅದನ್ನು ವಾಪಸ್ ಕಳಿಸಿದರು. ಮೂರಕ್ಕೆ ಹತ್ತು ನಿಮಿಷ ಇರುವಾಗ ಹಮೂದ್ ಬಂದರು, ಪೆಟ್ಟಿಗೆ ಕಟ್ಟಲು ಹಗ್ಗವನ್ನೂ ತಂದಿದ್ದರು. ನಾನೂ ಬರುತ್ತೇನೆಂದೆ. "ಬೇಡ, ನೀನು ಅಲ್ಲಿ ಬಂದು ನೋಡಿ ನೋಡಿ ಬರೀತಿ," ಎಂದು ನನ್ನ ಹಣೆಗೆ ಮುತ್ತಿಟ್ಟು ಇಳಿದು ಹೋದರು.

ಈಗ ಆಂಟಿ ಮಂಗಳೂರಿನಲ್ಲಿದ್ದಾರೆ. ಹಮೂದರಿಗೆ ನಿಜವನ್ನು ಎಲ್ಲಿ ಹೇಳಿದಿರಿ, ಹೇಗೆ ಹೇಳಿದಿರಿ, ಅವರೇನೆಂದರು ಎಂದು ನಾಲ್ಕು ಸಲ ಫೋನಿನಲ್ಲಿ ಕೇಳಿದ್ದೇನೆ.

"ಅದೊಂದನ್ನು ಬರೀಬೇಡ," ಎನ್ನುತ್ತಾರೆ. ಹೇಳುವಾಗ ದನಿ ಸ್ವಲ್ಪ ಸಣ್ಣದಾಗುತ್ತದೆ.

ಆದ್ದರಿಂದ ನಾನು ಬಾಲ್ಕನಿಯಿಂದ ಕಂಡಷ್ಟನ್ನೇ ಬರೆಯಬಲ್ಲೆ. ಕಿತ್ತಳೆ ಬಿಳಿ ಟ್ಯಾಕ್ಸಿ ಗೇಟು ದಾಟಿ ರಸ್ತೆಯ ಅಂಚಿಗೆ ಬಂದು ನಿಂತಿತು. ಎಡಕ್ಕೋ ಬಲಕ್ಕೋ, ಇಂಡಿಕೇಟರ್ ಇನ್ನೂ ಹಾಕಿರಲಿಲ್ಲ. ಹಮೂದ್ ಹಿಂದಕ್ಕೆ ತಿರುಗಿ ಏನೋ ಕೇಳಿದರು. ಆಂಟಿ ಸೀಟಿನಿಂದ ಮುಂದಕ್ಕೆ ಬಾಗಿದರು.