ಸಿಲ್ವರ್ ಪೇಪರಿನಲ್ಲಿ ಇಬ್ಬರ ಅಡುಗೆ

೧

ಈ ಕತೆಯನ್ನು ಅಡುಗೆಯಿಂದ ಶುರು ಮಾಡಲೋ ಕೋಮಲಾಳಿಂದ ಶುರು ಮಾಡಲೋ ಗೊತ್ತಾಗದೆ ಮೂರು ದಿನದಿಂದ ಪೆನ್ನು ಕಚ್ಚುತ್ತ ಕೂತಿದ್ದೇನೆ. ಅಡುಗೆಯಿಂದ ಶುರು ಮಾಡಿದರೆ ನಿಮಗೆ ಹಸಿವಾಗುತ್ತದೆ, ನನಗೂ ಸಲೀಸು. ಕೋಮಲಾಳಿಂದ ಶುರು ಮಾಡಿದರೆ ನಾನು ಅವಳಿಗೆ ಏನು ಮಾಡಿದೆ ಅನ್ನುವುದನ್ನು ಎರಡನೇ ಪ್ಯಾರಾದಲ್ಲೇ ಹೇಳಬೇಕಾಗುತ್ತದೆ. ಹಾಗಾಗಿ ಅಡುಗೆ. (ಓದುಗರೇ, ಇದು ಹೇಡಿತನ ಅಂತ ನಿಮಗೆ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ.)

೨

ಒಂದು ಮೊಳ ಸಿಲ್ವರ್ ಪೇಪರ್ ಹರಿದುಕೊಳ್ಳಿ. ನಡುವೆ ಒಂದು ಚಮಚ ಶೇಂಗಾ ಎಣ್ಣೆ ಸವರಿ. ಕೆಳಗೆ ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಅದರ ಮೇಲೆ ಈರುಳ್ಳಿ, ಅದರ ಮೇಲೆ ಎಳೆ ಬದನೆಕಾಯಿಯ ನಾಲ್ಕು ಹೋಳು. ಉಪ್ಪು, ಖಾರದಪುಡಿ, ಧಾರಾಳವಾಗಿ ಗುರೆಳ್ಳು ಪುಡಿ, ಸ್ವಲ್ಪ ಹುಣಸೆರಸ. ನಾಲ್ಕೂ ಕಡೆಯಿಂದ ಮಡಚಿ, ಹಬೆ ಹೊರಗೆ ಹೋಗದ ಹಾಗೆ ಅಂಚನ್ನು ಎರಡೆರಡು ಸಲ ಒತ್ತಿ. ಕಬ್ಬಿಣದ ಹಂಚಿನ ಮೇಲಿಟ್ಟು ಬೋಗುಣಿ ಮುಚ್ಚಿ. ಸಣ್ಣ ಉರಿಯಲ್ಲಿ ಆ ಮಗ್ಗುಲು ಹತ್ತು ನಿಮಿಷ, ಈ ಮಗ್ಗುಲು ಹತ್ತು ನಿಮಿಷ. ಬಿಚ್ಚುವಾಗ ಮುಖ ದೂರ ಇಟ್ಟುಕೊಳ್ಳಿ. ರೊಟ್ಟಿಯ ಜೊತೆ ಉಣ್ಣಿ.

ಒಬ್ಬರಿಗೆ ಒಂದು ಪೊಟ್ಟಣ. ಇಬ್ಬರಿದ್ದರೆ ಎರಡು.

೩

ಮೊದಲ ಡ್ರಾಫ್ಟ್ ಹೀಗಿತ್ತು (ದಾಕ್ಷಾಯಣಮ್ಮ ಅಂದರೆ ನಾನೇ):

"ಅದು 2001ನೇ ಇಸವಿ. ದಾಕ್ಷಾಯಣಮ್ಮ ಕೂಡ್ಲಿಗಿ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅಕ್ಕೋರು. ಕೋಮಲಾ ಹಳ್ಳಿ ಹಳ್ಳಿ ತಿರುಗಿ ಕೂಸುಗಳಿಗೆ ಲಸಿಕೆ ಹಾಕುವ ನರ್ಸು. ಇಬ್ಬರೂ ಸೇರಿ ಕೂಡ್ಲಿಗಿಯಲ್ಲಿ ಹಂಪಕ್ಕ ಎಂಬಾಕೆಯ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ಸಂಜೆ ಆರೂವರೆಗೆ ಬಸ್ಸಿಳಿದು ಬಂದರೆ ಇಬ್ಬರಿಗೂ ಬೆನ್ನು ನೆಲಕ್ಕೆ ಹತ್ತಿದರೆ ಸಾಕಾಗಿರುತ್ತಿತ್ತು. ಅಂಥ ದಿನಗಳಲ್ಲಿ ಆ ಬೆಳ್ಳಿ ಬಣ್ಣದ ಪೊಟ್ಟಣಗಳು ಅವರ ಬದುಕಿಗೆ ಹೊಸ ಹುರುಪು..."

ಹುರುಪು ಅನ್ನುವ ಶಬ್ದಕ್ಕೆ ಬಂದಾಗ ಕೋಮಲಾ ಹಾಳೆಯೊಳಗಿಂದ ಕೆಮ್ಮಿದಳು.

"ಅಕ್ಕೋರ, ಸಿಲ್ವರ್ ಪೇಪರ್ ಯಾಕ ತಂದ್ರಿ ಅಂತ ಬರದಿಲ್ಲಲ್ರಿ?"

"ಬರೀತೀನಿ ತಡಿ. ಪಾತ್ರಿ ತೊಳಿಯೋದು ತಪ್ಪತೈತಿ ಅಂತ."

"ಇದ್ದದ್ದು ಒಂದು ಬೋಗುಣಿ, ಒಂದು ಅನ್ನದ ಪಾತ್ರಿ. ಎಷ್ಟೊತ್ತಿನ ಕೆಲಸ ರೀ ಅದು?"

(ಪಾತ್ರಗಳಿಗೆ ಮಾತು ಕೊಡಬಾರದು ಅಂತ ಹಿರಿಯ ಲೇಖಕರೊಬ್ಬರು ನನಗೆ ಹೇಳಿದ್ದರು. ಅವರು ಹೇಳಿದ್ದು ಬೇರೆ ಅರ್ಥದಲ್ಲಿ ಇರಬೇಕು.)

ಆ ಡ್ರಾಫ್ಟನ್ನು ಹರಿದೆ.

೩, ಮತ್ತೆ

ಎರಡನೇ ಡ್ರಾಫ್ಟಿನಲ್ಲಿ ಕಾರಣ ಬದಲಿಸಿದೆ. ನಾನು ಕೊಟ್ಟೂರಿನ ಲಿಂಗಾಯತರ ಮನೆಯವಳು, ಸಸ್ಯಾಹಾರಿ. ಆಕೆ ತತ್ತಿ ತಿನ್ನುವವಳು. ತನ್ನ ಪೊಟ್ಟಣದಲ್ಲಿ ಈರುಳ್ಳಿಯ ಮೇಲೆ ಒಂದು ತತ್ತಿ ಒಡೆದು ಹಾಕಿಕೊಳ್ಳುತ್ತಿದ್ದಳು. ಅವರವರ ನಾಲಗೆ ಅವರವರಿಗೆ, ಜಗಳವಿಲ್ಲ, ತಕರಾರಿಲ್ಲ. ಎಷ್ಟು ಚೆಂದದ ಕಾರಣ! ಯಾರೂ ಬೊಟ್ಟು ಮಾಡುವಂತಿಲ್ಲ.

"ಸುಳ್ಳು ಬರೀಬ್ಯಾಡ್ರಿ," ಅಂದಳು. "ತತ್ತಿ ಶುರುವಾದದ್ದು ಪೊಟ್ಟಣ ಬಂದ ಮ್ಯಾಲ. ಅದಕ್ಕೂ ಮದ್ಲ ಹದಿನೈದು ದಿನ ನನ್ನ ಪಾಳಿ ಬಂದಾಗೆಲ್ಲ ಬ್ಯಾಳಿಸಾರು, ಅನ್ನ ಮಾಡೀನಿ. ನಿಮಗಂತ ಬಳ್ಳೊಳ್ಳಿ ಸೈತ ಹಾಕಿಲ್ಲ. ನೀವು ಒಂದಿನ ಉಂಡ್ರ್ಯಾ?"

ಉಣ್ಣಲಿಲ್ಲ.

೪

ಸರಿ, ಹೇಳುತ್ತೇನೆ. ಕೋಮಲಾ ಹೊಸಹಳ್ಳಿ ಕಡೆಯ ಕೇರಿಯವಳು. ಅವರಪ್ಪ ಗಂಗಪ್ಪ ಬೌದ್ಧ ಧರ್ಮ ಸ್ವೀಕರಿಸಿದವರು. ಮನೆ ಕೇಳಲು ಹೋದ ದಿನ ಹಂಪಕ್ಕ "ನೀವು ಯಾವ ಮಂದಿ?" ಅಂತ ಕೇಳಿದಾಗ ಆಕೆ ಅಡಗಿಸದೆ ಹೇಳಿದ್ದಳು. ಹಂಪಕ್ಕ ಒಂದು ಗಳಿಗೆ ಬಾಗಿಲು ಹಿಡಿದು ನಿಂತು, ಸರ್ಕಾರಿ ನೌಕರಿಯ ಮುಖ ನೋಡಿ ಒಳಗೆ ಬಿಟ್ಟುಕೊಂಡಳು. ನಾನು ಆಗ ಕೋಮಲಾಳ ಪರವಾಗಿ ನಿಂತು ಒಳ್ಳೇ ಭಾಷಣ ಬಿಗಿದೆ. ಕಾಲ ಬದಲಾಗೈತಿ ಹಂಪಕ್ಕ, ಅಂದೆ.

ಅಡುಗೆ ಒಂದು ದಿನ ನನ್ನ ಪಾಳಿ, ಒಂದು ದಿನ ಅವಳ ಪಾಳಿ ಅಂತ ಆಯಿತು. ಅವಳ ಪಾಳಿಯ ಮೊದಲ ದಿನ ಸೋಮವಾರ. ಅನ್ನದ ಪಾತ್ರೆಯಿಂದ ಹಬೆ ಏಳುತ್ತಿತ್ತು, ಅವಳು ಸೌಟು ಹಿಡಿದು ನನ್ನ ತಟ್ಟೆಗೆ ಕೈ ಚಾಚಿದಳು. ನನ್ನ ಬಾಯಿಂದ ತಾನಾಗಿ ಬಂತು: "ಇವತ್ತು ನಾ ಒಪ್ಪತ್ತು. ಕೊಟ್ಟೂರಪ್ಪನ ವಾರ."

ಒಪ್ಪತ್ತು ಅಂದರೆ ದಿನಕ್ಕೆ ಒಂದೇ ಊಟ. ದೇವರ ಹೆಸರಿನಲ್ಲಿ ಬಿಡುವ ಊಟವನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಬುಧವಾರ ಸ್ಕೂಲಿನಲ್ಲಿ ಯಾರದೋ ಹುಟ್ಟಿದಹಬ್ಬ, ಹೊಟ್ಟೆ ತುಂಬಿತ್ತು. ಶುಕ್ರವಾರ ಗೌರಿಯ ಒಪ್ಪತ್ತು. ಮುಂದಿನ ಮಂಗಳವಾರ ಉಚ್ಚಂಗೆಮ್ಮನ ಒಪ್ಪತ್ತು. ಇರುವ ದೇವರು ದೇವತೆಗಳನ್ನೆಲ್ಲ ನನ್ನ ತಟ್ಟೆಗೆ ಕಾವಲು ಹಾಕಿದೆ. ಬೆಳಿಗ್ಗೆ ಎಂಟನೇ ಕ್ಲಾಸಿಗೆ ಹೋಗಿ, ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ ಅನ್ನುವ ಪಾಠವನ್ನು ಕಣ್ಣಲ್ಲಿ ನೀರು ಬರುವ ಹಾಗೆ ಮಾಡುತ್ತಿದ್ದೆ. ಮಕ್ಕಳಿಗೆ ನಾನಂದರೆ ಬಹಳ ಇಷ್ಟ.

(ಹೊಸಪೇಟೆಗೆ ಹೋದರೆ ಹೋಟೆಲಿನಲ್ಲಿ ಉಣ್ಣುತ್ತಿದ್ದೆ. ಒಳಗೆ ಬೇಯಿಸುವವರು ಯಾರು ಅಂತ ಒಮ್ಮೆಯೂ ಕೇಳಿದವಳಲ್ಲ. ಕಾಣದಿದ್ದರೆ ನಡೆಯುತ್ತದೆ. ಇದರಲ್ಲಿ ತರ್ಕ ಹುಡುಕಬೇಡಿ, ನಾನೇ ಹುಡುಕಿ ಸೋತಿದ್ದೇನೆ.)

ಹದಿನೈದು ದಿನಕ್ಕೆ ಹಸಿವು ತಡೆಯಲಾಗಲಿಲ್ಲ. ವಾರಪತ್ರಿಕೆಯೊಂದರಲ್ಲಿ ದುಡಿಯುವ ಮಹಿಳೆಯರಿಗೆ ಸುಲಭದ ಅಡುಗೆ ಅಂತ ಈ ರೆಸಿಪಿ ಬಂದಿತ್ತು. ಹೊಸಪೇಟೆಯಿಂದ ಒಂದು ಸುರುಳಿ ಸಿಲ್ವರ್ ಪೇಪರ್ ತಂದೆ. "ಕೋಮಲಾ, ಇನ್ನ ಪಾಳಿ ಗೀಳಿ ಬ್ಯಾಡ. ಯಾರಿಗೆ ಏನ್ ಬೇಕೋ ಅದನ್ನ ಹಾಕ್ಕೊಂಡು ಅವರವರ ಪೊಟ್ಟಣ ಅವರವರು ಕಟ್ಕೊಳ್ಳೋಣು. ಮಾಡರ್ನ್!" ಅಂದೆ.

ಅವಳು ಸುರುಳಿಯನ್ನು ಕೈಯಲ್ಲಿ ಹಿಡಿದು, ತಿರುವಿ ನೋಡಿ, "ಚಲೋ ಐತ್ರಿ," ಅಂದಳು.

೫

ಮೂರು ತಿಂಗಳು ಹಾಗೇ ನಡೆಯಿತು. ಒಂದೇ ಹಂಚು, ಎರಡು ಪೊಟ್ಟಣ. ರೊಟ್ಟಿ ಹಂಪಕ್ಕನ ಮನೆಯಿಂದ. ನಾವು ನಗುತ್ತಿದ್ದೆವು, ಮಾತಾಡುತ್ತಿದ್ದೆವು. ಯಾವ ಹಳ್ಳಿಯಲ್ಲಿ ಯಾವ ಅಜ್ಜಿ ಸೂಜಿ ಕಂಡು ಹಿತ್ತಲಿಗೆ ಓಡಿದಳು ಅಂತ ಅವಳು ಅಭಿನಯ ಮಾಡಿ ತೋರಿಸುತ್ತಿದ್ದಳು. ನನಗೆ ಅವಳಷ್ಟು ಹತ್ತಿರದ ಗೆಳತಿ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ. ಇದನ್ನು ನೀವು ನಂಬಬೇಕು. ನಂಬದಿದ್ದರೆ ಕತೆ ಹಗುರಾಗಿಬಿಡುತ್ತದೆ.

ಒಂದು ಸಂಜೆ ರೊಟ್ಟಿ ಕೊಡಲು ಬಂದ ಹಂಪಕ್ಕ ಒಲೆಯ ಕಡೆ ನೋಡಿ ನನ್ನ ಬೆನ್ನು ತಟ್ಟಿದಳು.

"ಒಲಿ ಒಂದ, ಪೊಟ್ಟಣ ಎರಡು. ಭಾಳ ಶ್ಯಾಣ್ಯಾಕಿ ಅದಿ ಬಿಡವ್ವ. ಬಾಯಿ ಬಿಟ್ಟು ಬ್ಯಾಡ ಅನ್ನೋದೂ ತಪ್ಪಿತು, ಕುಲ ಕೆಡೋದೂ ತಪ್ಪಿತು."

ಕೋಮಲಾ ಒಲೆ ಪಕ್ಕದ ಬಾಗಿಲ ಹತ್ತಿರವೇ ಸೀರೆ ಮಡಚುತ್ತಿದ್ದಳು. ನಾನು ಹಂಪಕ್ಕನಿಗೆ ಹಾಗೇನಿಲ್ಲ ಅಂತ ಹೇಳಬೇಕಿತ್ತು. ಹಲ್ಲು ಕಿರಿದೆ.

"ಅಕ್ಕೋರ," ಅಂದಳು ಕೋಮಲಾ ಅಲ್ಲಿಂದಲೇ, "ನಿಮ್ಮದು ತಿರುವಿ ಹಾಕ್ರಿ. ಸೀಯಾಕ ಹತ್ತೈತಿ."

ಅವಳೇ ಒಲೆಗೆ ಹತ್ತಿರ ಇದ್ದಳು. ಮೂರು ತಿಂಗಳಲ್ಲಿ ಒಂದು ಸಲವೂ ಅವಳು ನನ್ನ ಪೊಟ್ಟಣ ಮುಟ್ಟಿರಲಿಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಒಳ್ಳೇದೇ ಆಯ್ತು ಅಂದುಕೊಳ್ಳುತ್ತಿದ್ದೆ.

೬

ಇಲ್ಲಿಗೆ ನಿಲ್ಲಿಸಬಹುದು. ಸೂಚ್ಯವಾಗಿದೆ, ವಿಮರ್ಶಕರಿಗೂ ಹಿಡಿಸುತ್ತದೆ. ಕೋಮಲಾ ಬಿಡುತ್ತಿಲ್ಲ.

"ಜ್ವರದ್ದು ಬರೀರಿ," ಅನ್ನುತ್ತಾಳೆ.

ನನಗೆ ಜ್ವರ ಬಂತು. ಎರಡು ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಕೋಮಲಾ ರಜೆ ಹಾಕಿ ಕೂತಳು. ಹಣೆಗೆ ತಣ್ಣೀರ ಬಟ್ಟೆ ಇಟ್ಟಳು, ಇಂಜೆಕ್ಷನ್ ಕೊಟ್ಟಳು, ವಾಂತಿ ಬಳಿದಳು, ಒಳಗಿನ ಬಟ್ಟೆಯನ್ನೂ ಬದಲಿಸಿದಳು. ಅವಳ ಕೈ ನನ್ನ ಮೈಯ ಎಲ್ಲ ಕಡೆ ಓಡಾಡಿತು. ಅದಕ್ಕೆ ನನ್ನ ಯಾವ ದೇವರೂ ಅಡ್ಡ ಬರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಹೊಟ್ಟೆ ಸುಡಲು ಹತ್ತಿತು. ಹಂಪಕ್ಕ ಊರಲ್ಲಿರಲಿಲ್ಲ. "ಏನರ ತಿನ್ನಬೇಕು," ಅಂದೆ.

ಕೋಮಲಾ ಒಳಗೆ ಹೋದಳು. ಗಂಜಿ ಮಾಡಿ ತರುತ್ತಾಳೆ ಅಂತ ಕಣ್ಣು ಮುಚ್ಚಿದೆ. ಕುಡಿಯಲೋ ಬೇಡವೋ ಅಂತ, ಆ ಸ್ಥಿತಿಯಲ್ಲೂ, ಲೆಕ್ಕ ಹಾಕುತ್ತ ಮಲಗಿದ್ದೆ. ಅವಳು ತಟ್ಟೆಯಲ್ಲಿ ಹೆಚ್ಚಿದ ಸೋರೆಕಾಯಿ, ನೆನೆಸಿದ ಹೆಸರುಬೇಳೆ, ಉಪ್ಪು ತಂದಿಟ್ಟಳು. ಪಕ್ಕಕ್ಕೆ ಸಿಲ್ವರ್ ಪೇಪರಿನ ಒಂದು ಹಾಳೆ ಹಾಸಿದಳು.

"ಹಸೀದು ನಾವು ಮುಟ್ಟಿದ್ರ ನಡಿತೈತಿ, ಬೆಂದದ್ದು ಅಷ್ಟ ಆಗಂಗಿಲ್ಲ, ಅಲ್ರಿ? ನಮ್ಮಜ್ಜಿ ಗಿಡ್ಡಮ್ಮ ಹೇಳತಿದ್ಲು. ಎಲ್ಲಾ ಹೆಚ್ಚಿಟ್ಟೀನಿ. ನೀವಾ ಮಡಚ್ರಿ, ನೀವಾ ಹಂಚಿನ ಮ್ಯಾಲ ಇಡ್ರಿ. ಒಲಿ ನಾ ಹಚ್ಚಲ್ಯಾ, ಇಲ್ಲಾ ಅದೂ ನೀವಾ ಹಚ್ಚತೀರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ತೋಳಿಗೆ ಸೂಜಿ ಹಾಕಲಿ ಅಂತ ಕೇಳುವಾಗಲೂ ಅವಳು ಹೀಗೇ ಕೇಳುತ್ತಿದ್ದಳು. ಮೊದಲ ಸೋಮವಾರದಿಂದಲೇ ಅವಳಿಗೆ ಎಲ್ಲ ಗೊತ್ತಿತ್ತು.

೭

ಈಗ ನಿಮಗೆ ಮುಕ್ತಾಯ ಬೇಕು. ಎರಡು ಬರೆದಿದ್ದೇನೆ, ನೋಡಿ.

ಒಂದರಲ್ಲಿ ನಾನು ಆ ಹಾಳೆಯನ್ನು ಮುದುಡಿ ಎಸೆದು, ಅವಳ ಕೈ ಹಿಡಿದು ಅತ್ತು, "ನೀನ ಮಾಡಿ ಉಣಿಸು ತಂಗಿ," ಅನ್ನುತ್ತೇನೆ. ಇದನ್ನು ಬರೆಯುವಾಗ ನಿಜವಾಗಿಯೂ ಅತ್ತೆ. ಬಹುಮಾನ ಬರುವ ಮುಕ್ತಾಯ.

ಇನ್ನೊಂದರಲ್ಲಿ ಅವಳು ತಟ್ಟೆಯನ್ನು ಗೋಡೆಗೆ ಅಪ್ಪಳಿಸಿ ನನ್ನ ಜನ್ಮ ಜಾಲಾಡಿ ಹೊರಟುಹೋಗುತ್ತಾಳೆ. ಇದೂ ನನಗೆ ಅನುಕೂಲದ್ದೇ. ಬೈಸಿಕೊಂಡರೆ ಲೆಕ್ಕ ಚುಕ್ತಾ.

ಆದದ್ದು ಇಷ್ಟು. ನಾನು ಎದ್ದು ಕೂತು ಮಡಚಿದೆ. ಹಾಳೆ ಎರಡು ಸಲ ಹರಿಯಿತು. ಅವಳು ಬೇರೆ ಹಾಳೆ ಹರಿದು ಕೊಟ್ಟಳು. ಒಲೆಯ ತನಕ ನಡೆಸಿಕೊಂಡು ಹೋಗಿ, ಬೀಳದ ಹಾಗೆ ನನ್ನ ಮೊಣಕೈ ಹಿಡಿದು ನಿಂತಳು. ಇಪ್ಪತ್ತು ನಿಮಿಷ. ನಾನು ಉಂಡೆ.

"ಉಪ್ಪು ಸಾಕ್ರ್ಯಾ?" ಅಂದಳು.

"ಸಾಕು," ಅಂದೆ. ಥ್ಯಾಂಕ್ಸ್ ಅಂತಲೂ ಅಂದೆ.

ಎರಡು ತಿಂಗಳಿಗೆ ಅವಳು ತಾನಾಗಿ ಕೇಳಿ ವರ್ಗ ಮಾಡಿಸಿಕೊಂಡಳು. ಜಗಳವಿಲ್ಲ. ಬಸ್ ಸ್ಟ್ಯಾಂಡಿಗೆ ಟ್ರಂಕು ಹೊತ್ತುಕೊಂಡು ಹೋಗಿ ನಾನೇ ಹತ್ತಿಸಿ ಬಂದೆ.

೮

"ಕೋಮಲಾ, ಏಳು ವರ್ಷ ಆತು. ಎಲ್ಲಾ ಬರದೀನಿ. ಈಗರ ಒಂದು ಮಾತು ಹೇಳು, ಕತಿ ಮುಗಸ್ತೀನಿ."

"ಯಾವ ಮಾತು ರೀ? ಹೋಗ್ಲಿ ಬಿಡ್ರಿ ಅಕ್ಕೋರ, ಅನ್ನಬೇಕಾ? ಅದನ್ನೂ ನೀವಾ ಬರಕೋತೀರಿ. ನಿಮಗ ಬೇಕಾದ್ದನ್ನ ನೀವಾ ಮಾಡ್ಕೊಂಡು ನೀವಾ ಉಂಡಂಗ ಆತದು. ನಾ ಅನ್ನಂಗಿಲ್ಲ."

ಅಂದು ಹಾಳೆಯೊಳಗೆ ಹೋಗಿಬಿಟ್ಟಳು. ಈ ಮಾತನ್ನೂ ನಾನೇ ಬರೆದದ್ದಲ್ಲವೇ ಅಂತ ನೀವು ಕೇಳಬಹುದು. ಹೌದು.

ನಿಜವಾದ ಕೋಮಲಾ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿದ್ದಾಳೆ. ಮದುವೆಯಾಗಿದೆ, ಒಂದು ಹೆಣ್ಣು ಕೂಸಿದೆ ಅಂತ ಕೇಳಿದ್ದೇನೆ. ಬೆಳಿಗ್ಗೆ ಕೂಡ್ಲಿಗಿ ಬಿಟ್ಟು, ಕೊಟ್ಟೂರು, ಹರಪನಹಳ್ಳಿ ಅಂತ ಬಸ್ಸು ಬದಲಿಸಿ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಮನೆ ಮುಟ್ಟಬಹುದು. ಅವಳು ಉಣ್ಣಲು ಕರೆದೇ ಕರೆಯುತ್ತಾಳೆ. ಬೇಯಿಸಿದ ಅನ್ನವನ್ನು ತಾನೇ ಬಡಿಸುತ್ತಾಳೆ, ಬಡಿಸಿ ಎದುರಿಗೆ ಕೂರುತ್ತಾಳೆ.

ಆಗ ನನ್ನ ಕೈ ತಟ್ಟೆಗೆ ಹೋಗುತ್ತದೆಯೇ? ಇಲ್ಲಿ, ಈ ಹಾಳೆಯ ಮೇಲೆ, ಖಂಡಿತ ಹೋಗುತ್ತದೆ. ಅಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ. ಹೋದರೆ ಗೊತ್ತಾಗಿಬಿಡುತ್ತದೆ ಅಂತಲೇ ಏಳು ವರ್ಷದಿಂದ ಹೋಗಿಲ್ಲ.